ಫಾರಿನ್ ಟಿನ್ ಕೇಳಿದರೆ ಯಾವ ನಂಬರ್ ಕೊಡಬೇಕು? ಪ್ಯಾನ್, ಐಟಿಐಎನ್, ಇಐಎನ್ ಒಂದೊಂದಾಗಿ ನೋಡೋಣ

ಯೂಟ್ಯೂಬ್ ಚಾನೆಲ್‌ಗೆ ದುಡ್ಡು ಬರಲು ಶುರುವಾಯಿತು ಅಂದ್ರೆ ಆ ದುಡ್ಡು ಕೊಡುವ ಗೂಗಲ್‌ನ ಆಡ್‌ಸೆನ್ಸ್ ಒಂದು ಅಮೆರಿಕದ ಟ್ಯಾಕ್ಸ್ ಫಾರ್ಮ್ ತುಂಬಿ ಅನ್ನುತ್ತದೆ. ಹೆಸರು, ವಿಳಾಸ ಎಲ್ಲ ಸಲೀಸು. ಆಮೇಲೆ ‘ಫಾರಿನ್ ಟಿನ್’ (ಹೊರದೇಶದ ತೆರಿಗೆ ಗುರುತಿನ ನಂಬರ್) ಅಂತ ಒಂದು ಬಾಕ್ಸ್ ಬರುತ್ತದೆ, ಜನ ನಿಲ್ಲುವುದು ಅಲ್ಲೇ. ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಕೂತು ಬಸ್ಸಾರು, ಮುದ್ದೆ ವಿಡಿಯೊ ಮಾಡುವವರಿಗೆ ಫಾರಿನ್ ಅಂದ್ರೆ ಅಮೆರಿಕ ಅನ್ನಿಸುವುದು ಸಹಜ, ಹಾಗಾಗಿ ಅಲ್ಲಿಂದ ಏನೋ ಒಂದು ನಂಬರ್ ತರಿಸಬೇಕು ಅಂತ ಹುಡುಕುತ್ತಾರೆ, ಹುಡುಕಿದ ಕೂಡಲೇ ‘ಐಟಿಐಎನ್ ಮಾಡಿಸಿಕೊಡುತ್ತೇವೆ, ಅಮೆರಿಕದಲ್ಲಿ ಕಂಪನಿ ತೆರೆದುಕೊಡುತ್ತೇವೆ’ ಅನ್ನುವ ಜಾಹೀರಾತುಗಳು ಸಾಲಾಗಿ ಬಂದು ನಿಲ್ಲುತ್ತವೆ.

ಆ ಫಾರ್ಮ್ ಮಾಡಿದ್ದು ಅಮೆರಿಕದವರು. ಅವರಿಗೆ ಫಾರಿನ್ ನಾವು. ಭಾರತದಲ್ಲಿ ತೆರಿಗೆ ಲೆಕ್ಕ ಇರುವವರು ಆ ಬಾಕ್ಸ್‌ನಲ್ಲಿ ಹಾಕಬೇಕಾದ್ದು ಪ್ಯಾನ್, ಅಷ್ಟೇ. ಮೈಸೂರು, ಮಂಡ್ಯದಲ್ಲಿ ಕೂತು ವಿಡಿಯೊ ಮಾಡುವ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನಕ್ಕೆ ಉತ್ತರ ಇಲ್ಲಿಗೇ ಮುಗಿಯಿತು ಅಂತ ನನ್ನ ಅಂದಾಜು. ಉಳಿದವರಿಗೆ, ಮತ್ತೆ ಯಾಕೆ ಹೀಗೆ ಅಂತ ತಿಳಿಯಬೇಕು ಅನ್ನುವವರಿಗೆ ಮುಂದಿನದು.

ಬಾಕ್ಸ್, ಇಲ್ಲವೇ ಇಡೀ ಫಾರ್ಮ್ ಖಾಲಿ ಬಿಟ್ಟರೆ ಏನಾಗುತ್ತದೆ

ಇದನ್ನೂ ಒಂದು ಆಯ್ಕೆ ಅಂತಲೇ ನೋಡೋಣ, ಯಾಕೆಂದರೆ ತುಂಬಾ ಜನ ಮಾಡುವುದು ಇದನ್ನೇ. ಆಮೇಲೆ ನೋಡಿಕೊಂಡರಾಯಿತು ಅಂತ ಮುಂದೂಡುತ್ತಾರೆ.

2021ರ ಜೂನ್‌ನಿಂದ ಗೂಗಲ್ ಅಮೆರಿಕದ ಹೊರಗಿನ ಯೂಟ್ಯೂಬರ್‌ಗಳ ದುಡ್ಡಿನಲ್ಲೂ ಅಮೆರಿಕದ ತೆರಿಗೆ ಹಿಡಿಯಲು ಶುರು ಮಾಡಿತು. ಹಿಡಿಯುವುದು ಎಲ್ಲ ದುಡ್ಡಿನ ಮೇಲಲ್ಲ, ಅಮೆರಿಕದಲ್ಲಿ ಕೂತು ನೋಡಿದವರಿಂದ ಬಂದ ಭಾಗದ ಮೇಲೆ ಮಾತ್ರ. ಜಾಹೀರಾತು, ಪ್ರೀಮಿಯಂ, ಸೂಪರ್ ಚಾಟ್, ಮೆಂಬರ್‌ಶಿಪ್ ಎಲ್ಲವೂ ಆ ಭಾಗಕ್ಕೆ ಸೇರುತ್ತವೆ. ಆದರೆ ನೀವು ಫಾರ್ಮ್ ತುಂಬಿಲ್ಲ ಅಂದ್ರೆ ನೀವು ಯಾರು ಅಂತಲೇ ಗೂಗಲ್‌ಗೆ ಗೊತ್ತಿಲ್ಲ. ಆಗ ಇಡೀ ಪ್ರಪಂಚದಿಂದ ಬಂದ ಒಟ್ಟು ದುಡ್ಡಿನ ಮೇಲೆ ಶೇ 24ರವರೆಗೆ ಹಿಡಿಯಬಹುದು.

ಗೂಗಲ್ ತಾನೇ ಕೊಟ್ಟಿರುವ ಉದಾಹರಣೆ ಭಾರತದ ಕ್ರಿಯೇಟರ್‌ದೇ. ತಿಂಗಳಿಗೆ 1000 ಡಾಲರ್ ಬಂತು, ಅದರಲ್ಲಿ 100 ಡಾಲರ್ ಅಮೆರಿಕದ ನೋಡುಗರಿಂದ ಅಂತ ಇಟ್ಟುಕೊಳ್ಳಿ. ಏನೂ ತುಂಬದಿದ್ದರೆ ಕಡಿತ 240 ಡಾಲರ್. ಫಾರ್ಮ್ ತುಂಬಿ ಭಾರತ–ಅಮೆರಿಕ ತೆರಿಗೆ ಒಪ್ಪಂದದ ರಿಯಾಯಿತಿ ಸಿಗದಿದ್ದರೆ 30 ಡಾಲರ್ (ಬಾಕ್ಸ್ ಖಾಲಿ ಬಿಟ್ಟವರು ಇಲ್ಲಿ ಬರುತ್ತಾರೆ). ಫಾರ್ಮ್ ತುಂಬಿ ಆ ರಿಯಾಯಿತಿ ಕೇಳಿದರೆ 15 ಡಾಲರ್, ಅಂದರೆ ಅಮೆರಿಕದ ಭಾಗದ ಶೇ 15. 240 ಎಲ್ಲಿ, 15 ಎಲ್ಲಿ! ಪ್ಯಾನ್ ಹಾಕಿ ಒಂದು ಫಾರ್ಮ್ ತುಂಬಲು ಸೋಮಾರಿತನ ಪಟ್ಟಿದ್ದಕ್ಕೆ ಇಷ್ಟು ದುಬಾರಿ ದಂಡ ಬೇರೆಲ್ಲೂ ಇಲ್ಲ.

‘ನಮ್ಮ ಚಾನೆಲ್ ಅಮೆರಿಕದಲ್ಲಿ ಯಾರು ನೋಡ್ತಾರೆ’ ಅನ್ನುವವರು ಒಮ್ಮೆ ಅನಲಿಟಿಕ್ಸ್ ತೆರೆದು ದೇಶವಾರು ಆದಾಯ ನೋಡಿ. ದಸರಾ, ಅಡುಗೆ, ಊರ ಜಾತ್ರೆ ವಿಡಿಯೊಗಳನ್ನು ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದ ಕನ್ನಡದವರು ನೋಡುತ್ತಾರೆ. ಅಲ್ಲಿನ ಒಂದು ವ್ಯೂಗೆ ಸಿಗುವ ದುಡ್ಡು ಇಲ್ಲಿನದಕ್ಕಿಂತ ಜಾಸ್ತಿ. ವ್ಯೂ ಲೆಕ್ಕದಲ್ಲಿ ಕಡಿಮೆ ಕಂಡರೂ ದುಡ್ಡಿನ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಇನ್ನು ಅಲ್ಲಿ ಒಬ್ಬರೂ ನೋಡುವುದಿಲ್ಲ ಅಂದರೂ ಫಾರ್ಮ್ ತುಂಬಲೇಬೇಕು, 24ರ ಲೆಕ್ಕ ಒಟ್ಟು ದುಡ್ಡಿನ ಮೇಲೆ ಅಂತ ಆಗಲೇ ಹೇಳಿದೆನಲ್ಲ.

ಪ್ಯಾನ್

ಇರುವವರಿಗೆ ಖರ್ಚು ಸೊನ್ನೆ. ಇಲ್ಲದವರು ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಆಧಾರ್ ಒಟಿಪಿ ಕೊಟ್ಟು ಪುಕ್ಕಟೆಯಾಗಿ ಇ-ಪ್ಯಾನ್ ಪಡೆಯಬಹುದು. ಮೊಬೈಲ್ ನಂಬರ್ ಆಧಾರ್‌ಗೆ ಲಿಂಕ್ ಆಗಿರಬೇಕು, ಹದಿನೆಂಟು ತುಂಬಿರಬೇಕು, ಹಿಂದೆ ಯಾವತ್ತೂ ಪ್ಯಾನ್ ಮಾಡಿಸಿರಬಾರದು. ಕೊನೆಯ ಮಾತನ್ನು ಹಗುರವಾಗಿ ತಗೋಬೇಡಿ. ಹಳೇದು ಕಳೆದುಹೋಯಿತು ಅಂತ ಇನ್ನೊಂದು ಮಾಡಿಸಿದರೆ 10,000 ರೂಪಾಯಿ ದಂಡ ಹಾಕುವ ಅವಕಾಶ ಕಾನೂನಿನಲ್ಲಿದೆ. ಹಳೇ ನಂಬರನ್ನೇ ಹುಡುಕಿಸಿ ತೆಗೆಸಿ. ಕಾರ್ಡ್ ಕೈಗೆ ಬರಬೇಕು ಅಂದ್ರೆ ಪ್ಯಾನ್ ಅರ್ಜಿ ತಗೊಳ್ಳುವ ಸಂಸ್ಥೆಗಳಾದ ಪ್ರೋಟಿಯನ್ ಅಥವಾ ಯುಟಿಐಐಟಿಎಸ್‌ಎಲ್ ಮೂಲಕ ನೂರು ರೂಪಾಯಿ ಚಿಲ್ಲರೆ ಫೀಸಿನಲ್ಲಿ ಆಗುತ್ತದೆ. ಸೈಬರ್ ಸೆಂಟರಿನವರು ಐನೂರು ಕೇಳಿದರೆ ಉಳಿದದ್ದು ಅವರ ಕೂಲಿ ಅಂತ ತಿಳಿದುಕೊಂಡು ಕೊಡಿ ಅಥವಾ ಬಿಡಿ.

ಸಣ್ಣ ಗೊಂದಲಗಳು ನಾಲ್ಕಿವೆ. ಪ್ಯಾನ್ ಅರ್ಜಿ ತಗೊಳ್ಳುವ ಅಂಗಡಿಗಳ ಬೋರ್ಡಿನಲ್ಲಿರುವ ಟಿನ್ ಬೇರೆ, ಅದು ಇಲಾಖೆಯ ಮಾಹಿತಿ ಜಾಲದ ಹೆಸರು. 2017ರ ಜುಲೈಗೆ ಮುಂಚೆ ಅಂಗಡಿ ನಡೆಸಿದವರ ಹತ್ತಿರ 29ರಿಂದ ಶುರುವಾಗುವ ವ್ಯಾಟ್ ಟಿನ್ ಇರುತ್ತದೆ, ಅದೂ ಅಲ್ಲ. ಆಧಾರ್ ನಂಬರಂತೂ ಅಲ್ಲವೇ ಅಲ್ಲ. ಜಿಎಸ್‌ಟಿ ನಂಬರ್ ಇರುವವರು ಅದನ್ನೇ ಹಾಕಿಬಿಡುತ್ತಾರೆ, ಅದರ ಮೂರನೇ ಅಕ್ಷರದಿಂದ ಹನ್ನೆರಡನೆಯದರವರೆಗೆ ಇರುವುದು ನಿಮ್ಮ ಪ್ಯಾನೇ, ಅಷ್ಟನ್ನು ಮಾತ್ರ ಹಾಕಬೇಕು.

ನಿಜವಾದ ತಲೆಬಿಸಿ ಹೆಸರಿನದು. ನಮ್ಮ ಕಡೆ ಇನಿಷಿಯಲ್ ಇಲ್ಲದ ಹೆಸರು ಕಡಿಮೆ. ಎಂ ಅಂದ್ರೆ ಮದ್ದೂರು, ಕೆ ಅಂದ್ರೆ ಕೃಷ್ಣಪ್ಪ. ಪ್ಯಾನ್ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲ, ಹಾಗಾಗಿ ಅಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿರುತ್ತಾರೆ. ಆಧಾರ್‌ನಲ್ಲಿ ಎಂ ಕೆ ಅಂತಲೇ ಇರುತ್ತದೆ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಷಿಯಲ್ ಹಿಂದೆ ಹೋಗಿ ಕೂತಿರುತ್ತದೆ. ಆಡ್‌ಸೆನ್ಸ್ ಪೇಮೆಂಟ್ ಪ್ರೊಫೈಲ್‌ನಲ್ಲಿ ಚಾನೆಲ್ ಹೆಸರೇ ಹಾಕಿರುತ್ತಾರೆ! ಟ್ಯಾಕ್ಸ್ ಫಾರ್ಮ್‌ನಲ್ಲಿ ಪ್ಯಾನ್‌ನಲ್ಲಿರುವ ಹಾಗೆ ಹೆಸರು ಬರೆಯಿರಿ, ಪೇಮೆಂಟ್ ಪ್ರೊಫೈಲನ್ನೂ ಅದಕ್ಕೇ ಹೊಂದಿಸಿ, ಕೊನೆಯ ಸಹಿ ಬಾಕ್ಸ್‌ನಲ್ಲೂ ಅದೇ ಹೆಸರು, ಅದೇ ಸ್ಪೇಸ್. ಮೂರೂ ಕಡೆ ಮೂರು ಥರ ಬರೆದರೆ ಫಾರ್ಮ್ ಪರಿಶೀಲನೆಗೆ ಹೋಗಿ ಕೂರುತ್ತದೆ, ದಾಖಲೆ ಕೊಡಿ ಅಂತ ಮೇಲ್ ಬರುತ್ತದೆ. ಆಧಾರ್ ಮತ್ತು ಪ್ಯಾನ್ ಲಿಂಕ್ ಆಗಿದೆಯಾ ಅಂತಲೂ ಇದೇ ಕೈಯಲ್ಲಿ ನೋಡಿಬಿಡಿ. ಲಿಂಕ್ ಆಗದ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯ ಆಗಿವೆ, ಸರಿ ಮಾಡಿಸಲು 1000 ರೂಪಾಯಿ ಕಟ್ಟಬೇಕು.

ಐಟಿಐಎನ್

ಇದು ಅಮೆರಿಕದ ತೆರಿಗೆ ಇಲಾಖೆ, ಅಂದರೆ ಐಆರ್‌ಎಸ್, ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ನಂಬರ್ ಸಿಗದವರಿಗೆ ಕೊಡುವ ಒಂಬತ್ತು ಅಂಕಿಯ ನಂಬರ್. 9ರಿಂದ ಶುರುವಾಗುತ್ತದೆ. ಫಾರ್ಮ್‌ನಲ್ಲಿ ಇದಕ್ಕೆ ಬೇರೆಯೇ ಬಾಕ್ಸ್ ಇದೆ, ಯುಎಸ್ ಟಿನ್ ಅಂತ. ಒಪ್ಪಂದದ ರಿಯಾಯಿತಿಗೆ ಎರಡರಲ್ಲಿ ಒಂದು ನಂಬರ್ ಇದ್ದರೆ ಸಾಕು, ಫಾರಿನ್ ಟಿನ್ ಅಥವಾ ಯುಎಸ್ ಟಿನ್. ಐಟಿಐಎನ್ ಕೊಟ್ಟರೆ ಶೇ 15 ಇದ್ದದ್ದು 10 ಆಗುವುದಿಲ್ಲ. ಪ್ಯಾನ್ ಕೊಟ್ಟರೂ 15, ಐಟಿಐಎನ್ ಕೊಟ್ಟರೂ 15. ಇದೊಂದನ್ನು ಜಾಹೀರಾತಿನವರು ಹೇಳುವುದಿಲ್ಲ.

ಮಾಡಿಸುವ ದಾರಿ ನೋಡಿ. ಡಬ್ಲ್ಯು-7 ಅನ್ನುವ ಅರ್ಜಿ ತುಂಬಬೇಕು. ಸಾಮಾನ್ಯವಾಗಿ ಅದರ ಜೊತೆ ಅಮೆರಿಕದ ಟ್ಯಾಕ್ಸ್ ರಿಟರ್ನ್ ಇಡಬೇಕು, ಇಲ್ಲವೇ ಯಾವ ವಿನಾಯಿತಿಯಲ್ಲಿ ಕೇಳುತ್ತಿದ್ದೀರಿ ಅಂತ ಕಾಗದ ಸಮೇತ ತೋರಿಸಬೇಕು. ಪಾಸ್‌ಪೋರ್ಟ್ ಒರಿಜಿನಲ್ಲೇ ಟೆಕ್ಸಾಸ್‌ನ ಆಸ್ಟಿನ್‌ಗೆ ಅಂಚೆಯಲ್ಲಿ ಹೋಗಬೇಕು, ಅಥವಾ ಪಾಸ್‌ಪೋರ್ಟ್ ಕೊಟ್ಟ ಕಚೇರಿಯೇ ದೃಢೀಕರಿಸಿದ ಪ್ರತಿ ಬೇಕು. ನೋಟರಿ ಸೀಲ್ ಇಲ್ಲಿ ನಡೆಯುವುದಿಲ್ಲ. ಮೈಸೂರಿನ ಅಂಚೆ ಕಚೇರಿಯಲ್ಲಿ 2017ರ ಜನವರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಬಂತು, ದೇಶದಲ್ಲಿ ಮೊದಲು ಶುರುವಾದ ಎರಡರಲ್ಲಿ ಅದೊಂದು, ಹಾಗಾಗಿ ಪಾಸ್‌ಪೋರ್ಟ್ ಮಾಡಿಸುವುದು ಈಗ ಕಷ್ಟವಲ್ಲ. ಮಾಡಿಸಿದ್ದನ್ನು ತಿಂಗಳುಗಟ್ಟಲೆ ಟೆಕ್ಸಾಸ್‌ಗೆ ಕಳಿಸಿ ಕಾಯುವುದು ಬೇರೆ ಮಾತು. ಹೊರದೇಶದ ಅರ್ಜಿಗಳಿಗೆ 9ರಿಂದ 11 ವಾರ ಅಂತ ಐಆರ್‌ಎಸ್ ತಾನೇ ಹೇಳುತ್ತದೆ. ಐಆರ್‌ಎಸ್ ಮಾನ್ಯತೆ ಪಡೆದ ಏಜೆಂಟರು ಪಾಸ್‌ಪೋರ್ಟ್ ನೋಡಿ ವಾಪಸ್ ಕೊಟ್ಟು ದೃಢೀಕರಿಸಬಹುದು, ಅದಕ್ಕೆ ಅವರ ಫೀಸ್ ಇದೆ. ಐಆರ್‌ಎಸ್ ಮಾತ್ರ ಒಂದು ಪೈಸೆಯೂ ತಗೊಳ್ಳುವುದಿಲ್ಲ. ‘ಸರ್ಕಾರಿ ಶುಲ್ಕ ಇಷ್ಟು’ ಅಂತ ಬಿಲ್‌ನಲ್ಲಿ ಕಂಡರೆ ಕೇಳಿ.

ಇಷ್ಟಾದ ಮೇಲೂ ಅದು ಶಾಶ್ವತ ಅಲ್ಲ. ಸತತ ಮೂರು ವರ್ಷ ಅಮೆರಿಕದ ರಿಟರ್ನ್‌ನಲ್ಲಿ ಬಳಸದಿದ್ದರೆ ನಂಬರ್ ಅವಧಿ ಮುಗಿಯುತ್ತದೆ. ಯೂಟ್ಯೂಬ್ ಫಾರ್ಮ್ ಒಂದಕ್ಕೇ ಐಟಿಐಎನ್ ಮಾಡಿಸುವುದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ.

ಹಾಗಾದರೆ ಯಾರಿಗೆ ಬೇಕು? ಒಂದು ಸಂದರ್ಭ ನಿಜಕ್ಕೂ ಇದೆ. ಫಾರ್ಮ್ ತುಂಬದೆ 24ರ ಲೆಕ್ಕದಲ್ಲಿ ದೊಡ್ಡ ಮೊತ್ತ ಹೋಗಿದೆ ಅಂದುಕೊಳ್ಳಿ. ಅದೇ ಕ್ಯಾಲೆಂಡರ್ ವರ್ಷದೊಳಗೆ ಸರಿಯಾದ ಫಾರ್ಮ್ ಕೊಟ್ಟರೆ ಹೆಚ್ಚಾಗಿ ಹಿಡಿದದ್ದನ್ನು ಗೂಗಲ್ಲೇ ಖಾತೆಗೆ ವಾಪಸ್ ಹಾಕಬಹುದು. ವರ್ಷ ದಾಟಿತು ಅಂದ್ರೆ ದುಡ್ಡು ಐಆರ್‌ಎಸ್ ಹತ್ತಿರ ಹೋಗಿರುತ್ತದೆ, ವಾಪಸ್ ಕೇಳಲು 1040-ಎನ್‌ಆರ್ ಅನ್ನುವ ರಿಟರ್ನ್ ಹಾಕಬೇಕು, ಅದಕ್ಕೆ ಐಟಿಐಎನ್ ಬೇಕು. ಸಾವಿರಾರು ಡಾಲರ್ ಹೋಗಿದ್ದರೆ ಈ ಉಸಾಬರಿ ಮಾಡಿ. ಇನ್ನೂರು ಡಾಲರ್‌ಗೆ ಬೇಡ. ಡಿಸೆಂಬರ್ ಹತ್ತಿರ ಬರುತ್ತಿದೆ, ಫಾರ್ಮ್ ಇನ್ನೂ ತುಂಬಿಲ್ಲ ಅನ್ನುವವರು ಮಾತ್ರ ಇವತ್ತೇ ಕೂತು ಮುಗಿಸಿ.

ಇಐಎನ್ ಮತ್ತು ಅಮೆರಿಕದ ಎಲ್‌ಎಲ್‌ಸಿ

ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಇಐಎನ್ ಅನ್ನುವುದು ಅಮೆರಿಕದಲ್ಲಿ ಸಂಸ್ಥೆಗಳಿಗೆ ಕೊಡುವ ನಂಬರ್. ಎಸ್‌ಎಸ್-4 ಅರ್ಜಿ ಹಾಕಿದರೆ ಐಆರ್‌ಎಸ್ ಪುಕ್ಕಟೆ ಕೊಡುತ್ತದೆ, ಹೊರದೇಶದವರು ಫ್ಯಾಕ್ಸ್, ಫೋನ್‌ನಲ್ಲೂ ಕೇಳಬಹುದು. ಇಷ್ಟು ಸುಲಭ ಅಲ್ವಾ ಅಂತ ವ್ಯೋಮಿಂಗ್‌ನಲ್ಲೋ ಡೆಲಾವೇರ್‌ನಲ್ಲೋ ಎಲ್‌ಎಲ್‌ಸಿ (ಅಲ್ಲಿನ ಒಂದು ಬಗೆಯ ಕಂಪನಿ) ತೆರೆದು ಅದಕ್ಕೆ ಇಐಎನ್ ಹಚ್ಚಿಕೊಡುವ ಪ್ಯಾಕೇಜ್ ಮಾರುತ್ತಾರೆ.

ಮೊದಲನೆಯದು, ಆಡ್‌ಸೆನ್ಸ್‌ನಲ್ಲಿ ವ್ಯಕ್ತಿಗಳು ತುಂಬುವ ಟ್ಯಾಕ್ಸ್ ಫಾರ್ಮ್, ಅಂದರೆ ಡಬ್ಲ್ಯು-8ಬೆನ್‌ನ ಯುಎಸ್ ಟಿನ್ ಬಾಕ್ಸ್ ಕೇಳುವುದು ಸೋಷಿಯಲ್ ಸೆಕ್ಯುರಿಟಿ ನಂಬರ್ ಅಥವಾ ಐಟಿಐಎನ್. ಇಐಎನ್‌ಗೆ ಅಲ್ಲಿ ಜಾಗವಿಲ್ಲ. ಎರಡನೆಯದು, ಒಬ್ಬನೇ ಮಾಲೀಕನಿರುವ ಎಲ್‌ಎಲ್‌ಸಿಯನ್ನು ಅಮೆರಿಕದ ತೆರಿಗೆ ಕಾನೂನು ಬೇರೆ ವ್ಯಕ್ತಿ ಅಂತ ನೋಡುವುದೇ ಇಲ್ಲ, ಹಿಂದೆ ಇರುವ ಮಾಲೀಕನನ್ನೇ ನೋಡುತ್ತದೆ. ಅಂದರೆ ಸುತ್ತಿ ಬಳಸಿ ಮತ್ತೆ ನಿಮ್ಮ ಪ್ಯಾನ್‌ಗೇ ಬರುತ್ತದೆ. ಮೂರನೆಯದು ದುಬಾರಿ. ವಿದೇಶಿ ಮಾಲೀಕರಿರುವ ಇಂಥ ಎಲ್‌ಎಲ್‌ಸಿ ಮಾಲೀಕನ ಜೊತೆ ಹಣದ ವ್ಯವಹಾರ ಮಾಡಿದ ವರ್ಷ ಫಾರ್ಮ್ 5472 ಕೊಡಬೇಕು, ಬಂಡವಾಳ ಹಾಕುವುದು, ತೆಗೆಯುವುದೂ ಅದರಲ್ಲಿ ಸೇರುತ್ತದೆ. ಕೊಡದಿದ್ದರೆ ದಂಡ 25,000 ಡಾಲರ್‌ನಿಂದ ಶುರು. ಇಲ್ಲಿ ಭಾರತದಲ್ಲೂ ವಿದೇಶದಲ್ಲಿ ಹೂಡಿಕೆ ಮಾಡಿದ್ದಕ್ಕೆ ಫೆಮಾ (ವಿದೇಶಿ ವಿನಿಮಯ ಕಾನೂನು) ನಿಯಮ, ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಷೆಡ್ಯೂಲ್, ತೋರಿಸದಿದ್ದರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡದ ಅವಕಾಶ. ತಿಂಗಳಿಗೆ ಮುನ್ನೂರು ಡಾಲರ್ ಬರುವ ಚಾನೆಲ್‌ಗೆ ಇದೆಲ್ಲ ಯಾಕೆ ಹೇಳಿ? ಅಮೆರಿಕದಲ್ಲಿ ನಿಜವಾಗಿ ವಸ್ತು ಮಾರುವ, ಅಲ್ಲಿನ ಗ್ರಾಹಕರಿಗೆ ಬಿಲ್ ಹಾಕುವ ವ್ಯವಹಾರವಿದ್ದರೆ ಬೇರೆ ಲೆಕ್ಕ, ಆಗ ಎರಡೂ ದೇಶದ ಕಾನೂನು ಗೊತ್ತಿರುವ ಆಡಿಟರ್ ಹಿಡಿಯಿರಿ.

ವ್ಯಕ್ತಿಯೋ, ಬಿಸಿನೆಸ್ಸೋ

ನನ್ನ ಪ್ರಕಾರ ನಂಬರಿಗಿಂತ ಮುಖ್ಯವಾದ ಆಯ್ಕೆ ಇದು, ಇದನ್ನು ಯಾರೂ ಯೋಚಿಸುವುದಿಲ್ಲ.

ಫಾರ್ಮ್ ಮೊದಲು ಕೇಳುವುದೇ ನೀವು ವ್ಯಕ್ತಿಯಾ, ಸಂಸ್ಥೆಯಾ ಅಂತ. ಚಾನೆಲ್‌ಗೆ ‘ಕ್ರಿಯೇಷನ್ಸ್’ ಅಂತ ಹೆಸರಿದೆ, ಅದೇ ಹೆಸರಲ್ಲಿ ಜಿಎಸ್‌ಟಿ ಇದೆ, ಕರೆಂಟ್ ಅಕೌಂಟ್ ಇದೆ, ಹಾಗಾಗಿ ಬಿಸಿನೆಸ್ ಅಂತ ಒತ್ತಿಬಿಡುತ್ತಾರೆ. ನಿಮ್ಮ ಪ್ಯಾನ್‌ನ ನಾಲ್ಕನೇ ಅಕ್ಷರ ನೋಡಿ. ‘ಪಿ’ ಇದ್ದರೆ ನೀವು ವ್ಯಕ್ತಿ, ಬೋರ್ಡಿನಲ್ಲಿ ಏನೇ ಬರೆದಿರಲಿ. ‘ಎಫ್’ ಇದ್ದರೆ ಪಾಲುದಾರಿಕೆ ಸಂಸ್ಥೆ ಅಥವಾ ಎಲ್‌ಎಲ್‌ಪಿ, ‘ಸಿ’ ಇದ್ದರೆ ಕಂಪನಿ. ಪಿ ಇರುವವರಿಗೆ ಡಬ್ಲ್ಯು-8ಬೆನ್. ಕಂಪನಿಗಳಿಗೆ ಡಬ್ಲ್ಯು-8ಬೆನ್-ಇ, ಅದು ಉದ್ದ, ಒಪ್ಪಂದದ ಲಾಭ ಪಡೆಯಲು ನಾವು ಯಾವ ಬಗೆಯ ಅರ್ಹತೆಯಲ್ಲಿ ಬರುತ್ತೇವೆ ಅಂತಲೂ ಆರಿಸಬೇಕು. ಅದನ್ನು ಆಡಿಟರ್ ಕೈಲೇ ತುಂಬಿಸಿ.

ಇನ್ನೊಂದು, ಯಾರ ಪ್ಯಾನ್? ಅಮ್ಮ ಅಡುಗೆ ಮಾಡುತ್ತಾರೆ, ಮಗ ಎಡಿಟ್ ಮಾಡುತ್ತಾನೆ, ಆಡ್‌ಸೆನ್ಸ್ ಅಣ್ಣನ ಹೆಸರಲ್ಲಿದೆ, ದುಡ್ಡು ಅಪ್ಪನ ಖಾತೆಗೆ. ಹೀಗಿರುವ ಚಾನೆಲ್‌ಗಳು ನಮ್ಮ ಕಡೆ ಬೇಕಾದಷ್ಟು. ಪೇಮೆಂಟ್ ಪ್ರೊಫೈಲ್ ಯಾರ ಹೆಸರಲ್ಲಿದೆಯೋ ಅವರದೇ ಪ್ಯಾನ್, ಅವರದೇ ಬ್ಯಾಂಕ್ ಖಾತೆ ಇರಬೇಕು, ಮೇಲ್ನೋಟಕ್ಕೆ ತೆರಿಗೆ ಲೆಕ್ಕವೂ ಅವರ ತಲೆಗೇ ಬರುತ್ತದೆ. ಅಣ್ಣ ಈಗಾಗಲೇ ಫ್ಯಾಕ್ಟರಿ ಸಂಬಳಕ್ಕೆ ತೆರಿಗೆ ಕಟ್ಟುತ್ತಿದ್ದರೆ ಈ ದುಡ್ಡೂ ಅವನ ಸ್ಲ್ಯಾಬ್‌ಗೆ ಸೇರಿ ಜಾಸ್ತಿ ಹೋಗುತ್ತದೆ. ದುಡಿಯುವವರು ಅಮ್ಮ ಅಂದಮೇಲೆ ಅಮ್ಮನ ಹೆಸರಲ್ಲೇ ಪ್ಯಾನ್, ಆಡ್‌ಸೆನ್ಸ್, ಖಾತೆ ಮೂರನ್ನೂ ಮಾಡಿಸಿ. ಚಾನೆಲ್‌ಗೆ ಬೇರೆ ಆಡ್‌ಸೆನ್ಸ್ ಖಾತೆ ಜೋಡಿಸಲು ಬರುತ್ತದೆ.

ಊರು ಮೈಸೂರು, ಇರುವುದು ಹೊರದೇಶದಲ್ಲಿ

ಇಲ್ಲಿ ಪ್ಯಾನ್ ಉತ್ತರವಲ್ಲ. ಈ ಬಾಕ್ಸ್‌ಗೆ ಮುಖ್ಯವಾಗುವುದು ನಿಮ್ಮ ಭಾರತದ ಪಾಸ್‌ಪೋರ್ಟ್ ಅಲ್ಲ, ತೆರಿಗೆಗೆ ನೀವು ಯಾವ ದೇಶದ ನಿವಾಸಿ ಅನ್ನುವುದು. ಜರ್ಮನಿಯಲ್ಲಿ ನೆಲೆಸಿ ಕನ್ನಡ ವ್ಲಾಗ್ ಮಾಡುವವರು ಅಲ್ಲಿನ 11 ಅಂಕಿಯ ತೆರಿಗೆ ನಂಬರ್ ಹಾಕಬೇಕು. ಬ್ರಿಟನ್‌ನಲ್ಲಿ ಯುಟಿಆರ್ ಅಥವಾ ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಕೆನಡಾದಲ್ಲಿ ಸಿನ್, ಆಸ್ಟ್ರೇಲಿಯಾದಲ್ಲಿ ಟಿಎಫ್‌ಎನ್. ಲಾಭವೂ ಇದೆ. ರಾಯಲ್ಟಿ (ಯೂಟ್ಯೂಬ್ ದುಡ್ಡನ್ನು ಅಮೆರಿಕದ ತೆರಿಗೆ ಲೆಕ್ಕದಲ್ಲಿ ಹೀಗೆ ಕರೆಯುತ್ತಾರೆ) ಮೇಲೆ ಬ್ರಿಟನ್, ಜರ್ಮನಿಯವರಿಗೆ ಅಮೆರಿಕದ ಒಪ್ಪಂದದಲ್ಲಿ ಸೊನ್ನೆ, ಆಸ್ಟ್ರೇಲಿಯಾದವರಿಗೆ 5. ಪ್ಯಾನ್ ಹಾಕಿ ಭಾರತ ಅಂತ ಆರಿಸಿದರೆ ಸುಮ್ನೆ 15 ಕೊಟ್ಟ ಹಾಗಾಯಿತು, ಅದರ ಮೇಲೆ ಸುಳ್ಳು ಹೇಳಿಕೆಗೆ ಸಹಿ ಬೇರೆ. ದುಬೈನವರ ಕಥೆ ಉಲ್ಟಾ. ಯುಎಇ ಜೊತೆ ಅಮೆರಿಕಕ್ಕೆ ಆದಾಯ ತೆರಿಗೆ ಒಪ್ಪಂದವೇ ಇಲ್ಲ, ಸಿಂಗಾಪುರದ ಜೊತೆಗೂ ಇಲ್ಲ, ಹಾಗಾಗಿ ಅಮೆರಿಕದ ಭಾಗದ ಮೇಲೆ 30. ಅಲ್ಲಿಂದ ಪ್ಯಾನ್ ಹಾಕಿ 15 ಮಾಡಿಸಿಕೊಳ್ಳೋಣ ಅನ್ನುವ ಆಸೆ ಬೇಡ. ಊರಿಗೆ ವಾಪಸ್ ಬಂದು ನೆಲೆಸಿದ ಮೇಲೆ ಭಾರತಕ್ಕೆ ಹೊಸ ಪೇಮೆಂಟ್ ಖಾತೆ ತೆರೆದು ಹೊಸ ಫಾರ್ಮ್ ಕೊಡಿ. ಗ್ರೀನ್ ಕಾರ್ಡ್ ಇರುವವರಿಗೆ ಈ ಫಾರ್ಮೇ ಅಲ್ಲ, ಡಬ್ಲ್ಯು-9.

ತುಂಬಿದ ಮೇಲೆ

ಒಪ್ಪಂದದ ಪುಟದಲ್ಲಿ ಭಾರತ ಆರಿಸಿದ ಮೇಲೆ ಸಿನಿಮಾ–ಟಿವಿ ರಾಯಲ್ಟಿ, ಇತರ ಕಾಪಿರೈಟ್ ರಾಯಲ್ಟಿ ಎರಡಕ್ಕೂ 12ನೇ ವಿಧಿ, ಶೇ 15 ಆರಿಸಿ. ಅಮೆರಿಕದಲ್ಲಿ ಕೆಲಸ ಮಾಡಿದ್ದೀರಾ ಅಂತ ಕೇಳುತ್ತದೆ. ನೀವು ಶೂಟ್ ಮಾಡುವುದು ಕೆಆರ್‌ಎಸ್ ಹಿನ್ನೀರಿನಲ್ಲೋ ಬಲಮುರಿಯಲ್ಲೋ ಆಗಿದ್ದರೆ ಇಲ್ಲ ಅನ್ನಿ. ಫಾರ್ಮ್ ಸಹಿ ಹಾಕಿದ ವರ್ಷದ ನಂತರ ಮೂರನೇ ವರ್ಷದ ಡಿಸೆಂಬರ್ 31ರವರೆಗೆ ನಡೆಯುತ್ತದೆ. 2025ರಲ್ಲಿ ಹಾಕಿದ್ದು 2028ರ ಕೊನೆಗೆ ಮುಗಿಯುತ್ತದೆ, ಮತ್ತೆ ತುಂಬಬೇಕು. ಪ್ಯಾನ್ ಕೊಡಿ, ನಾವು ತುಂಬುತ್ತೇವೆ ಅಂತ ಫೋನ್ ಬಂದರೆ ಇಟ್ಟುಬಿಡಿ. ತುಂಬುವ ಜಾಗ ಆಡ್‌ಸೆನ್ಸ್‌ನ ಪೇಮೆಂಟ್ ಸೆಟ್ಟಿಂಗ್ಸ್ ಒಂದೇ.

ಹೋದ 15 ವಾಪಸ್ ಸಿಗುತ್ತದಾ? ಇಲ್ಲಿ ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಆದರೆ ಇಲ್ಲಿ ತೆರಿಗೆ ಬಂದರೆ ಮಾತ್ರ. ಹೊಸ ಪದ್ಧತಿಯಲ್ಲಿ 2025–26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇರುವುದರಿಂದ ನಮ್ಮಲ್ಲಿ ಹೆಚ್ಚಿನ ಚಾನೆಲ್‌ನವರಿಗೆ ತೆರಿಗೆ ಸೊನ್ನೆ. ಸೊನ್ನೆಯಲ್ಲಿ ಕಳೆಯುವುದೇನು? ಆ 15 ಹೋಯಿತು ಅಂತಲೇ ಲೆಕ್ಕ. ತೆರಿಗೆ ಬರುವವರು ಅಮೆರಿಕದಲ್ಲಿ ಎಷ್ಟು ತೆರಿಗೆ ಹಿಡಿದರು ಅಂತ ತೋರಿಸಲು ಗೂಗಲ್ ಕೊಡುವ 1042-ಎಸ್ ದಾಖಲೆ ಇಳಿಸಿಕೊಂಡು, ಅದನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಲು ಫಾರ್ಮ್ 67 ಹಾಕಬೇಕು, 2026ರ ಏಪ್ರಿಲ್‌ನಿಂದ ಅನ್ವಯವಾಗುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಈ ಫಾರ್ಮ್‌ನ ನಂಬರ್ ಯಾವುದು ಅಂತ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. 1042-ಎಸ್ ಜನವರಿಯಿಂದ ಡಿಸೆಂಬರ್ ಲೆಕ್ಕ, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಹಾಗಾಗಿ ಒಂದು ವರ್ಷಕ್ಕೆ ಎರಡು 1042-ಎಸ್ ಮುಂದಿಟ್ಟುಕೊಂಡು ತಿಂಗಳ ಪೇಮೆಂಟ್ ವಿವರದಿಂದ ಒಡೆಯಬೇಕಾಗುತ್ತದೆ. ಡಾಲರ್ ಬೆಲೆಯೂ ಬ್ಯಾಂಕ್ ಕೊಟ್ಟದ್ದಲ್ಲ, ತೆರಿಗೆ ಹಿಡಿದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ಎಸ್‌ಬಿಐ ಖರೀದಿ ದರ. ಇದರ ಮೇಲೆ ಹೀಗೆ ತೆರಿಗೆ ಕಳೆಯಿರಿ ಅಂತ ಕೇಳುವವರು ಸರಳವಾದ ಐಟಿಆರ್-4 ಹಾಕುವ ಹಾಗಿಲ್ಲ, ಐಟಿಆರ್-3 ಹಾಕಬೇಕು, ಆಡಿಟರ್ ಫೀಸ್ ಏರುತ್ತದೆ. ಕಡಿತವೇ ಮೂರು ಸಾವಿರ ರೂಪಾಯಿ ಇದ್ದರೆ ನಾನಂತೂ ಬಿಟ್ಟುಬಿಡಿ ಅನ್ನುತ್ತೇನೆ, ಮೂವತ್ತು ಸಾವಿರ ಇದ್ದರೆ ಬಿಡಬೇಡಿ. ಎರಡರಲ್ಲೂ ರಿಟರ್ನ್‌ನಲ್ಲಿ ತೋರಿಸಬೇಕಾದ ಆದಾಯ ಬ್ಯಾಂಕಿಗೆ ಬಂದಷ್ಟಲ್ಲ, ಕಡಿತಕ್ಕೆ ಮುಂಚಿನ ಪೂರ್ತಿ ಮೊತ್ತ.